ದ್ವೀಪಕ್ಕೆ ಹೋದವರು, ಹೋಗದವರು: ಕುಟುಂಬ ಪ್ರವಾಸವೊಂದು ಮೂರು ಪಾಠಗಳಾದ ಬಗೆ

ಪೀಠಿಕೆ

ಪಾಠಕ್ಕೆ ಪ್ರವೇಶ ಪಡೆಯಲು ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಬಳಸುವ ಪ್ರಶ್ನೆಗಳಲ್ಲಿ ಒಂದು, "ನಿಮ್ಮಲ್ಲಿ ಯಾರೆಲ್ಲ ಇಂಥ ಜಾಗಕ್ಕೆ ಹೋಗಿದ್ದೀರಿ?" ಎಂಬುದು. ಪೂರ್ವಜ್ಞಾನ ಪರೀಕ್ಷಿಸಲು ಇದು ಸುಲಭದ ದಾರಿ. ಆದರೆ ಕೈ ಎತ್ತದ ಮಕ್ಕಳಿಗೆ ಆ ಕ್ಷಣವೇ ಒಂದು ಸಂದೇಶ ಹೋಗುತ್ತದೆ: ಇದು ನಮ್ಮ ಪಾಠವಲ್ಲ, ಹೋಗಿ ಬಂದವರ ಪಾಠ. ಪ್ರವಾಸಕ್ಕೆ ದುಡ್ಡು ಬೇಕು, ರಜೆ ಬೇಕು, ಕರೆದೊಯ್ಯುವ ಹಿರಿಯರು ಬೇಕು. ಹೀಗಾಗಿ ಪ್ರವಾಸವನ್ನು ಆಧರಿಸಿದ ಪಾಠ ಹೋಗದ ಮಗುವಿಗೂ ಅಷ್ಟೇ ಸಲ್ಲಬೇಕಾದರೆ ಅದನ್ನು ಹೇಗೆ ಕಟ್ಟಬೇಕು ಎಂಬುದು ಈ ಲೇಖನದ ವಿಷಯ.

ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮ ಮನೆಯವರೆಲ್ಲ ಸೇರಿ ಮಲ್ಪೆಯಿಂದ ದೋಣಿಯಲ್ಲಿ ಸಂತ ಮೇರಿ ದ್ವೀಪಕ್ಕೂ, ಆಮೇಲೆ ಸುತ್ತಲಿನ ಕೆಲವು ಬಂದರುಗಳಿಗೂ ಕಾಪುವಿಗೂ ಮಾಡಿದ ಎರಡು ದಿನಗಳ ಪ್ರವಾಸ. ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಕಾಪು ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿ, ಅದನ್ನು ಆಧರಿಸಿ ತಲಾ 40 ನಿಮಿಷಗಳ ಮೂರು ಪಾಠಗಳನ್ನು ಮಾಡಿದೆ. ವಿಷಯ ಭೌತವಿಜ್ಞಾನ ಮತ್ತು ಗಣಿತ. ಮೂರನೆಯ ಪಾಠದಲ್ಲಿ ಭೂಗೋಳವೂ ಸೇರಿಕೊಂಡಿತು.

ಪ್ರವಾಸದ ಹಾದಿ: ಮೂರು ಬಗೆಯ ಕಲ್ಲು

ನಮ್ಮ ಮನೆ ಕಾರ್ಕಳದಲ್ಲಿ. ಅಪ್ಪ, ಅಮ್ಮ, ಅಜ್ಜಿ, ತಮ್ಮ ಮತ್ತು ನಾನು ಜನವರಿಯ ಒಂದು ಬೆಳಿಗ್ಗೆ ಹೊರಟೆವು. ಕಾರ್ಕಳದಿಂದ ಹಿರಿಯಡಕ, ಪರ್ಕಳ, ಮಣಿಪಾಲ, ಉಡುಪಿಯ ಮೂಲಕ ಮಲ್ಪೆಗೆ ಬರುವ ದಾರಿಯಲ್ಲಿ ಗಮನಿಸಿದರೆ ಕಲ್ಲು ಮೂರು ಸಲ ಬದಲಾಗುತ್ತದೆ.

ಮೊದಲನೆಯದು ಕಾರ್ಕಳದ ಗ್ರಾನೈಟ್. 1432ರಲ್ಲಿ ವೀರಪಾಂಡ್ಯನ ಕಾಲದಲ್ಲಿ ನಿಂತ 42 ಅಡಿಯ ಗೊಮ್ಮಟನ ಏಕಶಿಲಾ ಮೂರ್ತಿ ಈ ಜಾತಿಯ ಕಲ್ಲಿನದೇ. ನಮ್ಮ ಭಾಗದ ಈ ಶಿಲೆಗಳು 200 ಕೋಟಿ ವರ್ಷಗಳಿಗೂ ಹಳೆಯವು. ಭೂಮಿಯ ಆಳದಲ್ಲಿ ನಿಧಾನವಾಗಿ ತಣಿದುದರಿಂದ ಅದರ ಹರಳುಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು.

ಎರಡನೆಯದು ಮಣಿಪಾಲದ ಗುಡ್ಡದ ಮುರಕಲ್ಲು. ನಮ್ಮ ಊರುಗಳ ಗೋಡೆ, ಬಾವಿಕಟ್ಟೆ, ಕಾಂಪೌಂಡುಗಳೆಲ್ಲ ಇದರವೇ. ಜೋರು ಮಳೆ ಮತ್ತು ಬಿಸಿಲಿನಲ್ಲಿ ಹಳೆಯ ಶಿಲೆ ಶಿಥಿಲಗೊಂಡು, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಇದು ಆಗುತ್ತದೆ. ನೆಲದಲ್ಲಿರುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವುದು ಇದರ ಗುಣ. ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು 1800ರ ದಶಕದ ಆರಂಭದಲ್ಲಿ ಮಲಬಾರ್, ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್.

ಮೂರನೆಯದು ದ್ವೀಪದ ಕಂಬಶಿಲೆ. ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರಕ್ಕೆ ದೋಣಿ ಅರ್ಧ ಗಂಟೆ ತೆಗೆದುಕೊಂಡಿತು. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದ್ದರು. ಅಜ್ಜಿ ಕಡಲಿನ ಮೇಲೆ ಹೋದದ್ದು ಅದೇ ಮೊದಲು. ಇಲ್ಲಿ ಇರುವುದು ಒಂದೇ ದ್ವೀಪವಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹಾದ್ದೂರ್‌ಗಡ ಎಂಬ ನಾಲ್ಕು ದೊಡ್ಡವು, ಜೊತೆಗೆ ಹಲವು ಸಣ್ಣ ಬಂಡೆಗಳು ದಡಕ್ಕೆ ಸಮಾನಾಂತರವಾಗಿ ಸಾಲಾಗಿವೆ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಶಿಲುಬೆ ನೆಟ್ಟು ಸಂತ ಮೇರಿಯ ಹೆಸರಿಟ್ಟ ಎಂಬ ಪ್ರತೀತಿಯಿದೆ.

ಅಲ್ಲಿ ಕಾಣುವುದು ಒತ್ತೊತ್ತಾಗಿ ನಿಂತ ಬಹುಭುಜಾಕೃತಿಯ ಕಲ್ಲಿನ ಕಂಬಗಳು. ಎತ್ತರದವು ಸುಮಾರು 6 ಮೀಟರ್ ಇವೆ. ಇವು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಟ್ಟ ಕಾಲದಲ್ಲಿ ಹೊರಬಂದ ಲಾವಾ ತಣಿದು ಆದವು. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಇವನ್ನು ಸಾಮಾನ್ಯವಾಗಿ ಬಸಾಲ್ಟ್ ಎಂದು ಕರೆಯುವುದುಂಟು. ಆದರೆ ರಾಸಾಯನಿಕವಾಗಿ ಇವು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಗುಂಪಿನವು. ಗ್ರಾನೈಟ್ ಕೂಡ ಸಿಲಿಕಾ ಹೆಚ್ಚಿರುವ ಶಿಲೆಯೇ. ಎರಡರ ನಡುವಿನ ದೊಡ್ಡ ವ್ಯತ್ಯಾಸ ತಣಿದ ಜಾಗ ಮತ್ತು ವೇಗದ್ದು. ಕಾರ್ಕಳದ್ದು ಆಳದಲ್ಲಿ ನಿಧಾನವಾಗಿ ತಣಿಯಿತು. ದ್ವೀಪದ್ದು ನೆಲದ ಮೇಲೆ ಬೇಗ ತಣಿಯಿತು, ಹರಳುಗಳು ಸಣ್ಣವಾಗಿಯೇ ಉಳಿದವು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿರುವ ಇನ್ನು ಮೂರು ಜಾಗಗಳೆಂದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬುಲಾವಾ ಮತ್ತು ಕೋಲಾರದ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿ.

ಮಾರನೆಯ ದಿನ ಹಂಗಾರಕಟ್ಟೆ, ಕೋಡಿಬೆಂಗ್ರೆ ನೋಡಿ, ತೆಂಕಲಾಗಿ ಬಂದು ಕಾಪುವಿನ ದೀಪಸ್ತಂಭ ಹತ್ತಿ, ಹೆಜಮಾಡಿ ಕೋಡಿಯ ತನಕ ಹೋಗಿ ಮನೆಗೆ ಮರಳಿದೆವು.

ತರಗತಿಯ ಹಿನ್ನೆಲೆ ಮತ್ತು ಯೋಜನೆ

ತರಗತಿಯಲ್ಲಿ ಎರಡು ಬಗೆಯ ಮಕ್ಕಳಿದ್ದರು. ಕೆಲವರ ಮನೆಯವರು ಅಂಗಡಿ, ಕಚೇರಿ, ಕೃಷಿಯ ಕೆಲಸದವರು. ಇನ್ನು ಕೆಲವರ ಅಪ್ಪ, ಮಾವ, ಅಣ್ಣಂದಿರು ಮಲ್ಪೆಯಿಂದ ಬೋಟಿಗೆ ಹೋಗುವವರು, ಅಮ್ಮಂದಿರು ಮೀನು ಮಾರುವವರು. ಪಾಠ ಯೋಜನೆಯ ಚರ್ಚೆಯಲ್ಲಿ ಮಾರ್ಗದರ್ಶಕ ಶಿಕ್ಷಕಿಯವರು ಒಂದು ಮಾತು ಹೇಳಿದ್ದರು: "ದ್ವೀಪಕ್ಕೆ ಟಿಕೆಟ್ ತೆಗೆದು ಹೋದ ಮಕ್ಕಳು ಕಡಲಿನ ಮಕ್ಕಳಲ್ಲ, ಕಡಲಿನ ಮಕ್ಕಳು ದ್ವೀಪಕ್ಕೆ ಹೋಗಿರುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಪ್ರಶ್ನೆ ಹುಡುಕಿ."

ಅದರಂತೆ "ಯಾರು ಹೋಗಿದ್ದೀರಿ?" ಎಂದು ಕೇಳುವ ಬದಲು ಪಾಠದ ಹಿಂದಿನ ದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ಕಡಲಿನ ಬಗ್ಗೆ ನಿನಗೆ ಅಥವಾ ನಿನ್ನ ಮನೆಯವರಿಗೆ ಗೊತ್ತಿರುವ ಒಂದು ಸಂಗತಿ ಬರೆ" ಎಂದೆ. ಹೆಸರು ಬರೆಯುವುದು ಕಡ್ಡಾಯವಲ್ಲ. ಬಂದ ಚೀಟಿಗಳಲ್ಲಿ ಮೂರು ನನ್ನ ಮೂರು ಪಾಠಗಳ ಬಾಗಿಲಾದವು:

ಒಂದು, "ದ್ವೀಪದಲ್ಲಿ ಹಿಂದಿನ ರಾಜರು ಕೆತ್ತಿಸಿದ ಕಂಬಗಳು ಉಂಟು."

ಎರಡು, "ಬೋಟಿನಿಂದ ವಾಪಸ್ ಬರುವಾಗ ಮೊದಲು ಗುಡ್ಡೆ ಕಾಣುವುದು, ಆಮೇಲೆ ತೆಂಗಿನಮರ, ಕೊನೆಗೆ ದಡ. ಅಪ್ಪ ಹೇಳಿದ್ದು."

ಮೂರು, "ಅಳಿವೆಯಲ್ಲಿ ಹೂಳು ತುಂಬಿದರೆ ಬೋಟ್ ಒಳಗೆ ಬರುವುದಿಲ್ಲ."

ಮೊದಲನೆಯದರಲ್ಲಿ ತಪ್ಪು ಕಲ್ಪನೆಯಿದೆ, ಎರಡನೆಯದರಲ್ಲಿ ಸರಿಯಾದ ವೀಕ್ಷಣೆಯಿದೆ, ಮೂರನೆಯದರಲ್ಲಿ ಒಂದು ಸಮಸ್ಯೆಯಿದೆ. ಮೂರೂ ಪಾಠಕ್ಕೆ ಬೇಕಾದವೇ.

ಮೊದಲ ಪಾಠ: ಆರು ಮೂಲೆ ಯಾಕೆ?

ಕಲಿಕಾಂಶ: ಕುಗ್ಗುವಿಕೆಯಿಂದ ಬಿರುಕು; ಸಮಾನ ವಿಸ್ತೀರ್ಣದ ನಿಯಮಿತ ಬಹುಭುಜಗಳ ಸುತ್ತಳತೆ.

ಉಪಕರಣಗಳು: ನಾನು ತೆಗೆದ ಫೋಟೊಗಳು, ರಟ್ಟಿನ ಆಕೃತಿಗಳು, ನೂಲು, ಕೋನಮಾಪಕ, ಒಣಗಿಸಿದ ಕಾರ್ನ್‌ಫ್ಲೋರ್.

ಮೊದಲ ಚೀಟಿಯನ್ನು ಯಾರದೆಂದು ಹೇಳದೆ ಓದಿ, ಗೊಮ್ಮಟನ ಚಿತ್ರ ಮತ್ತು ದ್ವೀಪದ ಕಂಬಗಳ ಚಿತ್ರವನ್ನು ಪಕ್ಕಪಕ್ಕ ಅಂಟಿಸಿದೆ. "ಕಾರ್ಕಳದ್ದು ಮನುಷ್ಯ ಕೆತ್ತಿದ್ದು ಎಂದು ನಮಗೆ ಗೊತ್ತು. ದ್ವೀಪದ್ದೂ ಕೆತ್ತಿದ್ದೇ? ಹೌದು ಅಥವಾ ಅಲ್ಲ ಎನ್ನಲು ಚಿತ್ರದಲ್ಲಿ ಏನು ನೋಡಬೇಕು?" ಎಂದು ಕೇಳಿದೆ. ಮಕ್ಕಳು ಹುಡುಕಿದ ಸುಳಿವುಗಳು ಚೆನ್ನಾಗಿದ್ದವು. ಕಂಬಗಳ ನಡುವೆ ಕೈ ಹಾಕಲೂ ಜಾಗವಿಲ್ಲ, ಉಳಿ ಹೇಗೆ ಹೋದೀತು? ಎಲ್ಲಕ್ಕೂ ಆರೇ ಮೂಲೆಗಳಿಲ್ಲ, ಐದು, ಏಳು ಮೂಲೆಯವೂ ಇವೆ. ಕೆತ್ತುವವನು ಹಾಗೆ ಲೆಕ್ಕ ತಪ್ಪುತ್ತಾನೆಯೇ? "ಕೆತ್ತಿದ್ದಲ್ಲ" ಎಂಬ ತೀರ್ಮಾನಕ್ಕೆ ಅವರೇ ಬಂದರು.

ಆಮೇಲಿನ ಚಟುವಟಿಕೆಗೆ ದ್ವೀಪ ಬೇಕಿರಲಿಲ್ಲ. ಗದ್ದೆ ಅಥವಾ ಕೆರೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡದ ಮಗು ನಮ್ಮ ಜಿಲ್ಲೆಯಲ್ಲಿಲ್ಲ. ಕೆಸರಿನಿಂದ ನೀರು ಹೋದಾಗ ಅದು ಕುಗ್ಗುತ್ತದೆ. ಲಾವಾದಿಂದ ಶಾಖ ಹೋದಾಗ ಅದೂ ಕುಗ್ಗುತ್ತದೆ. ಕುಗ್ಗಲು ಎಲ್ಲ ದಿಕ್ಕಿನಿಂದಲೂ ಸಮನಾಗಿ ಎಳೆತ ಬಿದ್ದಾಗ ಬಿರುಕುಗಳು ಮೂರರಂತೆ ಕೂಡುತ್ತವೆ, ನಡುವಿನ ಕೋನ 120 ಡಿಗ್ರಿಯ ಹತ್ತಿರ ಬರುತ್ತದೆ. ತಣಿಯುವುದು ಮೇಲ್ಮೈಯಿಂದ ಒಳಕ್ಕೆ ಸಾಗಿದಂತೆ ಬಿರುಕೂ ಒಳಕ್ಕೆ ಇಳಿದು, ಕಂಬವಾಗುತ್ತದೆ.

ಮನೆಯಲ್ಲೇ ಮಾಡಿ ತಂದಿದ್ದ ಒಂದು ಮಾದರಿ ಇಲ್ಲಿ ಬಹಳ ಕೆಲಸಕ್ಕೆ ಬಂತು. ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮ ತೂಕದಲ್ಲಿ ಕಲಸಿ, ಗಾಜಿನ ಪಾತ್ರೆಯಲ್ಲಿ 2–3 ಸೆಂ.ಮೀ. ದಪ್ಪಕ್ಕೆ ಹಾಕಿ, ಹಳೆಯ ಮಾದರಿಯ 60 ವ್ಯಾಟ್ ಬಲ್ಬಿನ ಕೆಳಗೆ ಒಂದು ವಾರ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆ ಮುರಿದರೆ ಒಳಗೆ ಕೆಲವೇ ಮಿಲಿಮೀಟರ್ ಅಗಲದ ಸಣ್ಣ ಕಂಬಗಳು ಸಾಲಾಗಿ ನಿಂತಿರುತ್ತವೆ. ಇಲ್ಲಿ ಹೋದದ್ದು ನೀರು, ಅಲ್ಲಿ ಹೋದದ್ದು ಶಾಖ ಎಂಬ ವ್ಯತ್ಯಾಸವನ್ನು ಹೇಳಲು ಮರೆಯಬಾರದು. ಇಲ್ಲದಿದ್ದರೆ ಮಕ್ಕಳು ಲಾವಾ "ಒಣಗಿತು" ಎಂದು ಬರೆಯುತ್ತಾರೆ.

ಗಣಿತದ ಭಾಗಕ್ಕೆ 100 ಚ.ಸೆಂ.ಮೀ. ವಿಸ್ತೀರ್ಣದ ಮೂರು ರಟ್ಟಿನ ಆಕೃತಿಗಳನ್ನು ಕೊಟ್ಟೆ: 15.2 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜ, 10 ಸೆಂ.ಮೀ. ಬಾಹುವಿನ ಚೌಕ, 6.2 ಸೆಂ.ಮೀ. ಬಾಹುವಿನ ನಿಯಮಿತ ಷಡ್ಭುಜ. ಸುತ್ತಲೂ ನೂಲು ಹಿಡಿದು ಅಳೆದಾಗ ಸಿಕ್ಕಿದ್ದು ಕ್ರಮವಾಗಿ ಸುಮಾರು 45.6, 40 ಮತ್ತು 37.2 ಸೆಂ.ಮೀ. ಸಂದು ಬಿಡದೆ ನೆಲ ತುಂಬಬಲ್ಲ ನಿಯಮಿತ ಬಹುಭುಜಗಳು ಈ ಮೂರೇ. ಅವುಗಳಲ್ಲಿ ಷಡ್ಭುಜಕ್ಕೆ ಕಡಿಮೆ ನೂಲು ಸಾಕು. ಅಂದರೆ ಅಷ್ಟೇ ಜಾಗವನ್ನು ಕಡಿಮೆ ಉದ್ದದ ಬಿರುಕಿನಿಂದ ಭಾಗ ಮಾಡಬಹುದು. "ವೃತ್ತಕ್ಕೆ ಇನ್ನೂ ಕಡಿಮೆ ಅಲ್ವಾ ಟೀಚರ್?" ಎಂದು ಒಬ್ಬಳು ಕೇಳಿದಳು. ನಾಲ್ಕು ಬಳೆಗಳನ್ನು ಮೇಜಿನ ಮೇಲೆ ಜೋಡಿಸಿ ನೋಡು ಎಂದೆ. ನಡುವೆ ಉಳಿದ ಸಂದು ಅವಳಿಗೆ ಉತ್ತರ ಕೊಟ್ಟಿತು.

ತರಗತಿಗೆ ಬಂದ ಕಲ್ಲು

ಎರಡನೆಯ ಪಾಠದ ದಿನ ಒಬ್ಬ ಹುಡುಗ ಖುಷಿಯಿಂದ ಒಂದು ತೊಟ್ಟೆ ತಂದ. ಹಿಂದಿನ ವರ್ಷ ಮನೆಯವರೊಡನೆ ದ್ವೀಪಕ್ಕೆ ಹೋದಾಗ ತಂದದ್ದಂತೆ. ಒಳಗೆ ಅಂಗೈ ಅಗಲದ ಕಲ್ಲಿನ ತುಂಡು, ಒಂದು ಹಿಡಿ ಚಿಪ್ಪು. ನೈಜ ವಸ್ತುವಿಗಿಂತ ಒಳ್ಳೆಯ ಬೋಧನೋಪಕರಣವಿಲ್ಲ ಎಂದು ನಾವು ಕಲಿತಿದ್ದೇವೆ. ಆದರೆ ಇದು ಸಂರಕ್ಷಿತ ಸ್ಮಾರಕದಿಂದ ಬಂದ ವಸ್ತು. ಹೊಗಳಿದರೆ ಮುಂದೆ ಹೋಗುವವರೆಲ್ಲ ತರುತ್ತಾರೆ. ಬೈದರೆ ಅವನು ಇನ್ನೊಮ್ಮೆ ತರಗತಿಗೆ ಏನನ್ನೂ ತರುವುದಿಲ್ಲ, ಜೊತೆಗೆ ಅವನ ಮನೆಯವರನ್ನೂ ಎಲ್ಲರೆದುರು ದೂರಿದಂತಾಗುತ್ತದೆ.

ನಾನು ಎರಡು ಹೆಜ್ಜೆ ಇಟ್ಟೆ. ಮೊದಲು ಕಲ್ಲನ್ನು ಎಲ್ಲರ ಕೈಗೂ ದಾಟಿಸಿದೆ. ಶಾಲೆಯ ಅಂಗಳದ ಮುರಕಲ್ಲು, ಕಾರ್ಕಳದಿಂದ ನಾನು ತಂದ ಜಲ್ಲಿಯ ಗ್ರಾನೈಟ್ ಚೂರು, ಈ ತುಂಡು, ಮೂರನ್ನೂ ಲೆನ್ಸಿನಲ್ಲಿ ನೋಡಿ ಹರಳಿನ ಗಾತ್ರ ಹೋಲಿಸಿದರು. ಆಮೇಲೆ ಹಲಗೆಯ ಮೇಲೆ ಒಂದು ಊಹೆಯ ಲೆಕ್ಕ ಬರೆದೆ: "ಒಂದು ದೋಣಿಯಲ್ಲಿ 30 ಜನ, ತಲಾ 100 ಗ್ರಾಂ ತಂದರೆ? ದಿನಕ್ಕೆ 10 ದೋಣಿಯಾದರೆ? ವರ್ಷದಲ್ಲಿ 200 ದಿನ ದೋಣಿ ಓಡಿದರೆ?" ದೋಣಿಗೆ 3 ಕಿಲೊ, ದಿನಕ್ಕೆ 30 ಕಿಲೊ, ವರ್ಷಕ್ಕೆ 6,000 ಕಿಲೊ. ಆರು ಟನ್! ಲಾರಿಯ ಲೆಕ್ಕ ಗೊತ್ತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಂಬತ್ತು ಕೋಟಿ ವರ್ಷದ ಕಲ್ಲು ಇನ್ನೊಮ್ಮೆ ಬೆಳೆಯುವುದಿಲ್ಲ. ಆ ದ್ವೀಪದ ತೀರದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಅದನ್ನು ಹಿಡಿ ಹಿಡಿಯಾಗಿ ತೆಗೆದರೆ ತೀರವೇ ಹೋಗುತ್ತದೆ.

"ಹಾಗಾದರೆ ಇದನ್ನು ಏನು ಮಾಡುವುದು ಟೀಚರ್?" ಎಂದು ಅವನೇ ಕೇಳಿದ. ಪ್ರಯೋಗಾಲಯದ ಕಪಾಟಿನಲ್ಲಿ ಇಡೋಣ, ಮಾದರಿಗೆ ಚೀಟಿ ಬರೆಯುವುದು ನಿನ್ನ ಕೆಲಸ ಎಂದೆ. ಎಲ್ಲಿಂದ, ಯಾವಾಗ, ಯಾವ ಶಿಲೆ ಎಂದು ಬರೆದು ಕೆಳಗೆ ತಾನಾಗಿಯೇ ಒಂದು ಸಾಲು ಸೇರಿಸಿದ: "ಇನ್ನು ಯಾರೂ ತರುವುದು ಬೇಡ, ಇದೊಂದು ಸಾಕು."

ನಿಯಮವನ್ನು ಮೊದಲೇ ಹೇಳಿಬಿಟ್ಟಿದ್ದರೆ ಅದು ಫಲಕದ ಮೇಲಿನ ಇನ್ನೊಂದು "ನಿಷೇಧಿಸಲಾಗಿದೆ" ಆಗುತ್ತಿತ್ತು. ಗುಣಾಕಾರ ಮಾಡಿದ ಮೇಲೆ ನಿಯಮಕ್ಕೆ ಕಾರಣ ಅವರ ನೋಟ್‌ಬುಕ್ಕಿನಲ್ಲೇ ಇತ್ತು.

ಎರಡನೆಯ ಪಾಠ: ಎಷ್ಟು ದೂರ ಕಾಣುತ್ತದೆ?

ಕಲಿಕಾಂಶ: ಪೈಥಾಗೊರಸ್ ಪ್ರಮೇಯದ ಅನ್ವಯ, ವರ್ಗಮೂಲ, ಭೂಮಿಯ ವಕ್ರತೆ.

ಎರಡನೆಯ ಚೀಟಿಯನ್ನು ಓದಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಕ್ಕಳು. "ನಿನ್ನದಾ?" ಎಂದಾಗ ಎದ್ದು ನಿಂತು, "ನಾನು ದ್ವೀಪಕ್ಕೆ ಹೋಗ್ಲಿಲ್ಲ ಟೀಚರ್. ಅಪ್ಪ ಆ ಕಡೆಯಿಂದ್ಲೇ ಹೋಗುವುದು, ಬರುವುದು" ಎಂದಳು. ಹಾಗಾದರೆ ಇವತ್ತಿನ ಪಾಠ ನಿನ್ನ ಅಪ್ಪನ ಮಾತಿನಿಂದಲೇ ಶುರು ಎಂದೆ. ಗುಡ್ಡೆ, ತೆಂಗು, ದಡ: ಈ ಕ್ರಮ ಯಾಕೆ?

ಹಲಗೆಯ ಮೇಲೆ ಭೂಮಿಯ ವೃತ್ತ, ಅದರ ಮೇಲೆ ನಿಂತ ವೀಕ್ಷಕ, ಅವನ ಕಣ್ಣಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕ. ತ್ರಿಜ್ಯವೂ ಸ್ಪರ್ಶಕವೂ ಲಂಬವಾದ್ದರಿಂದ ಲಂಬಕೋನ ತ್ರಿಭುಜ ಸಿಗುತ್ತದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಇಟ್ಟು, ಕಣ್ಣಿನ ಎತ್ತರದ ವರ್ಗವನ್ನು ಅತಿ ಚಿಕ್ಕದೆಂದು ಬಿಟ್ಟರೆ ಸಿಗುವ ಸೂತ್ರ ಸರಳ: ಕ್ಷಿತಿಜದ ದೂರ (ಕಿ.ಮೀ.) = 3.57 × ಎತ್ತರದ (ಮೀ.) ವರ್ಗಮೂಲ. ಮಕ್ಕಳು ಗುಂಪುಗಳಲ್ಲಿ ಲೆಕ್ಕ ಮಾಡಿದರು:

ದಡದಲ್ಲಿ ನಿಂತ ಮಗು, ಕಣ್ಣು 1.5 ಮೀ. ಎತ್ತರ: 4.4 ಕಿ.ಮೀ.
ಬೋಟಿನಲ್ಲಿ ನಿಂತವರು, 2.5 ಮೀ.: 5.6 ಕಿ.ಮೀ.
ದ್ವೀಪದ ಬಂಡೆ, ಸುಮಾರು 10 ಮೀ.: 11.3 ಕಿ.ಮೀ.
ತೆಂಗಿನ ತಲೆ, 20 ಮೀ. ಎಂದುಕೊಂಡರೆ: 16 ಕಿ.ಮೀ.
ಕಾಪು ದೀಪಸ್ತಂಭ, ಸುಮಾರು 27 ಮೀ.: 18.6 ಕಿ.ಮೀ.
ಕುದುರೆಮುಖ ಶಿಖರ, ಸುಮಾರು 1,890 ಮೀ.: 155 ಕಿ.ಮೀ.

ಈ ಪಟ್ಟಿಯಿಂದ ಮೊದಲ ಒಗಟು ಹುಟ್ಟಿತು. ಮಲ್ಪೆ ದಡದಲ್ಲಿ ನಿಂತವನ ಕ್ಷಿತಿಜ 4.4 ಕಿ.ಮೀ. ಮಾತ್ರ. ದ್ವೀಪ ಇರುವುದು ಸುಮಾರು 6 ಕಿ.ಮೀ. ದೂರದಲ್ಲಿ. ಆದರೂ ಅದು ಕಾಣುವುದು ಹೇಗೆ? ಕ್ಷಿತಿಜದ ಆಚೆ ಇರುವ ವಸ್ತುವಿಗೂ ಎತ್ತರವಿದೆ, ಅದಕ್ಕೂ ತನ್ನದೇ ಕ್ಷಿತಿಜವಿದೆ ಎಂಬ ಉತ್ತರಕ್ಕೆ ಬರಲು ಗುಂಪುಗಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮಿಕ್ಕ 1.6 ಕಿ.ಮೀ.ಗೆ ಮರೆಯಾಗುವುದು ಎಷ್ಟು? 1.6 ಅನ್ನು 3.57ರಿಂದ ಭಾಗಿಸಿ ವರ್ಗ ಮಾಡಿದರೆ 0.2 ಮೀ. ಅಂದರೆ ದ್ವೀಪದ ಬುಡದ ಒಂದು ಗೇಣು ಮಾತ್ರ.

ಎರಡನೆಯ ಒಗಟು ನಮ್ಮ ಶಾಲೆಯ ಕಡಲಿನದು. ನಕ್ಷೆಯಲ್ಲಿ ಅಳೆದರೆ ಕಾಪು ದೀಪಸ್ತಂಭದಿಂದ ತೆಂಗಿನ ದ್ವೀಪಕ್ಕೆ ಸುಮಾರು 18.5 ಕಿ.ಮೀ. ಕಾಪುವಿನ ಹೊಯ್ಗೆಯ ಮೇಲೆ ನಿಂತವನಿಗೆ 4.4 ಕಿ.ಮೀ. ಕಳೆದು ಉಳಿಯುವುದು 14.1. ಮರೆಯಾಗುವ ಎತ್ತರ ಸುಮಾರು 15.6 ಮೀ. ದ್ವೀಪದ ಬಂಡೆ ಇಡಿಯಾಗಿ ನೀರಿನ ಆಚೆಗೆ! ಕಾಣಬಹುದಾದದ್ದು ತೆಂಗಿನ ತಲೆಯ ಕೊನೆಯ ನಾಲ್ಕು ಮೀಟರ್ ಮಾತ್ರ. ಅದೂ ಅಷ್ಟು ದೂರಕ್ಕೆ ಬರಿಗಣ್ಣಿಗೆ ಸಿಗದಷ್ಟು ಸಣ್ಣದು, ಬೈನಾಕ್ಯುಲರ್ ಬೇಕು. ಅದೇ 1901ರಲ್ಲಿ ಕಟ್ಟಿದ ದೀಪಸ್ತಂಭದ ಮೇಲೆ ಹತ್ತಿದರೆ? ಗೋಪುರದ ಕ್ಷಿತಿಜ 18.6 ಕಿ.ಮೀ. ದ್ವೀಪದ ಬುಡಕ್ಕೆ ಸರಿಯಾಗಿ ಮುಟ್ಟುತ್ತದೆ. ಈ ಉತ್ತರ ಬಂದಾಗ ತರಗತಿಯಲ್ಲಿ ಗದ್ದಲವೇ ಎದ್ದಿತು. ಗಾಳಿಯಲ್ಲಿ ಬೆಳಕು ತುಸು ಬಾಗುವುದರಿಂದ ನಿಜವಾದ ದೂರ ಇದಕ್ಕಿಂತ ಸ್ವಲ್ಪ ಹೆಚ್ಚು, ಮಂಜು ಮುಸುಕಿದರೆ ಕಡಿಮೆ ಎಂದು ಸೇರಿಸಿದೆ.

ಕೊನೆಗೆ ಆ ಹುಡುಗಿಯ ಅಪ್ಪನ ಮಾತಿಗೆ ಬಂದೆವು. ಕಾಪು ದಡದಿಂದ 50 ಕಿ.ಮೀ. ಹೊರಗಿರುವ ಬೋಟಿನವರಿಗೆ ತೆಂಗು ಕಾಣುವುದು 16 ಮತ್ತು 5.6 ಕೂಡಿದ 21.6 ಕಿ.ಮೀ. ಒಳಗೆ ಬಂದಾಗ, ದೀಪಸ್ತಂಭ 24.2 ಕಿ.ಮೀ. ಒಳಗೆ ಬಂದಾಗ. ಆದರೆ ದಡದಿಂದ ಸುಮಾರು 60 ಕಿ.ಮೀ. ಒಳನಾಡಿನಲ್ಲಿರುವ ಕುದುರೆಮುಖ ಅವರಿಂದ 110 ಕಿ.ಮೀ. ದೂರವಿದ್ದರೂ ಕ್ಷಿತಿಜದ ಮೇಲೆಯೇ ಇರುತ್ತದೆ, ಆಕಾಶ ತಿಳಿಯಾಗಿದ್ದರೆ ಸಾಕು. ಆ ಬೆಟ್ಟಕ್ಕೆ ಕುದುರೆಯ ಮುಖದ ಹೆಸರು ಯಾಕೆ ಬಂತು, ಕಡಲಿನವರಿಗೆ ಅದು ಯಾಕೆ ಗುರುತಾಯಿತು ಎಂಬುದು ಆಗ ತಾನಾಗಿ ಬಿಡಿಸಿಕೊಂಡಿತು. "ಅಪ್ಪನಿಗೆ ಈ ಲೆಕ್ಕ ಗೊತ್ತಿಲ್ಲ" ಎಂದಳು ಹುಡುಗಿ. ಪಕ್ಕದವಳು, "ಉತ್ತರ ಗೊತ್ತುಂಟಲ್ಲ!" ಎಂದಳು.

ಮೂರನೆಯ ಪಾಠ: ಬಂದರು ಎಲ್ಲಿ ಆಗುತ್ತದೆ?

ಈ ಪಾಠವನ್ನು ಹೆಚ್ಚಾಗಿ ನಡೆಸಿದವರು ಮಕ್ಕಳೇ. ಉಡುಪಿ ಜಿಲ್ಲೆಯ ಕರಾವಳಿಯ ಖಾಲಿ ನಕ್ಷೆಯಲ್ಲಿ ಮೊದಲು ಹೊಳೆಗಳನ್ನು, ಬಳಿಕ ಬಂದರುಗಳನ್ನು ಗುರುತಿಸಲು ಹೇಳಿದೆ. ಪಂಚಗಂಗಾವಳಿಯ ಬಾಯಲ್ಲಿ ಗಂಗೊಳ್ಳಿ, ಸೀತಾ–ಸುವರ್ಣಾ ಹೊಳೆಗಳು ಸೇರುವಲ್ಲಿ ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆ, ಉದ್ಯಾವರ ಹೊಳೆಯ ಬಾಯಲ್ಲಿ ಮಲ್ಪೆ, ಶಾಂಭವಿಯ ಕಡೆ ಹೆಜಮಾಡಿ ಕೋಡಿ. ಹಳೆಯ ಬಂದರುಗಳಾದ ಬಾರ್ಕೂರು, ಬಸ್ರೂರುಗಳೂ ಹೊಳೆಯ ದಂಡೆಯವೇ. ಹೊಳೆಯ ಒಳಗೆ ಅಲೆಯ ಹೊಡೆತವಿಲ್ಲ, ದೋಣಿ ನಿಲ್ಲಿಸಲು ತಾವು ಸಿಗುತ್ತದೆ. ಕಾಪುವಿನಲ್ಲಿ ದೊಡ್ಡ ಹೊಳೆಯ ಬಾಯಿ ಇಲ್ಲ, ತೆರೆದ ಕಡಲು ಮತ್ತು ಬಂಡೆಗಳಿವೆ. ಅಲ್ಲಿ ಬೇಕಾದದ್ದು ಬಂದರಲ್ಲ, ದೀಪ.

ಮೂರನೆಯ ಚೀಟಿ ಇಲ್ಲಿ ಬಂತು. ಹೊಳೆ ಆಸರೆ ಕೊಡುತ್ತದೆ, ಜೊತೆಗೆ ಹೂಳನ್ನೂ ತರುತ್ತದೆ. ಅಲೆಯೂ ದಡದುದ್ದಕ್ಕೂ ಮರಳನ್ನು ಸಾಗಿಸುತ್ತದೆ. ಎರಡೂ ಅಳಿವೆಯಲ್ಲಿ ಸೇರಿ ದಿಬ್ಬವಾಗುತ್ತವೆ. ಅದಕ್ಕೇ ಹೂಳೆತ್ತುವುದು, ಕಲ್ಲಿನ ತಡೆಗೋಡೆ ಹಾಕುವುದು, ಭರತದ ಹೊತ್ತು ನೋಡಿ ಒಳಬರುವುದು. ಬೋಟಿನ ಮನೆಯ ಮಕ್ಕಳು ಎದ್ದು ಬಂದು ಹಲಗೆಯ ಮೇಲೆ ಬೋಟ್ ಒಳಬರುವ ದಾರಿ ಬರೆದು ತೋರಿಸಿದರು. ದ್ವೀಪಕ್ಕೆ ಹೋಗಿದ್ದವರು ಪ್ರಶ್ನೆ ಕೇಳುವವರಾದರು. ಹಾಯಿ ಕಟ್ಟಿ ಹೋಗುತ್ತಿದ್ದ ಕಾಲದಲ್ಲಿ ನಸುಕಿನ ನೆಲಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನದ ಕಡಲಗಾಳಿಗೆ ಒಳಗೆ ಬರುವ ಅನುಕೂಲವನ್ನು, ನೆಲ ಮತ್ತು ನೀರು ಬಿಸಿಯಾಗುವ ವೇಗದ ವ್ಯತ್ಯಾಸದೊಂದಿಗೆ ಜೋಡಿಸಿದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಯಾಕೆ ಎಂಬ ಪ್ರಶ್ನೆಗೆ ಮಕ್ಕಳಿಂದಲೇ ಎರಡು ಉತ್ತರ ಬಂತು: ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಕಲ್ಲಿನ ವಿಷಯದಲ್ಲಿ ಮಾಡಿದ ಲೆಕ್ಕವನ್ನು ಒಬ್ಬ ಇಲ್ಲಿಗೆ ಜೋಡಿಸಿದ: "ಮೀನು ಎರಡು ತಿಂಗಳು ಬಿಟ್ಟರೆ ಪುನಃ ಆಗ್ತದೆ. ಕಲ್ಲು ಆಗುವುದಿಲ್ಲ."

ಮೌಲ್ಯಮಾಪನ ಮತ್ತು ಅವಲೋಕನ

ನಾಲ್ಕನೆಯ ದಿನ ಕಿರುಪರೀಕ್ಷೆಯಲ್ಲಿ ಹೊಸ ಸಂದರ್ಭ ಕೊಟ್ಟೆ: ಮಣಿಪಾಲದ ಗುಡ್ಡದ ಮೇಲಿನ ಒಂದು ಕಟ್ಟಡದ ತಾರಸಿ ಕಡಲಮಟ್ಟದಿಂದ 100 ಮೀ. ಎತ್ತರದಲ್ಲಿದೆ ಎಂದುಕೊಳ್ಳಿ, ಅಲ್ಲಿಂದ ಕ್ಷಿತಿಜ ಎಷ್ಟು ದೂರ? ಹೆಚ್ಚಿನವರು 35.7 ಕಿ.ಮೀ. ಎಂದು ಸರಿಯಾಗಿ ಬರೆದರು. "ಕಂಬಗಳು ಯಾರೂ ಕೆತ್ತಿದ್ದಲ್ಲ ಎನ್ನಲು ಎರಡು ಸಾಕ್ಷ್ಯ ಕೊಡಿ" ಎಂಬ ಪ್ರಶ್ನೆಗೆ ದ್ವೀಪ ನೋಡದ ಮಕ್ಕಳ ಉತ್ತರಗಳು ನೋಡಿದವರ ಉತ್ತರಗಳಿಗಿಂತ ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ. ಹೋಗಿ ಬಂದಿದ್ದ ಕೆಲವರು ಐದು ಮೂಲೆಯ ಕಂಬಗಳಿವೆ ಎಂದು ಗಮನಿಸಿದ್ದು ತರಗತಿಯ ಫೋಟೊ ನೋಡಿದ ಮೇಲೆಯೇ. ವೀಕ್ಷಣೆಗೆ ಕೂತ ಸಹಪಾಠಿಯ ಟಿಪ್ಪಣಿಯಲ್ಲಿದ್ದ ಒಂದು ಅಂಶ: ಸಾಮಾನ್ಯವಾಗಿ ಮಾತಾಡದ ಹಿಂದಿನ ಬೆಂಚಿನವರು ಎರಡನೆಯ ಮತ್ತು ಮೂರನೆಯ ಪಾಠಗಳಲ್ಲಿ ಹಲಗೆಯ ತನಕ ಬಂದರು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಸೂಚನೆಗಳು

1. ಪ್ರವಾಸವನ್ನು ಕಥೆಯಾಗಿ ಹೇಳಬೇಡಿ. ಅದರಿಂದ ಒಂದು ಪ್ರಶ್ನೆಯನ್ನು ಮಾತ್ರ ತನ್ನಿ. ಮೂರು ನಿಮಿಷಕ್ಕಿಂತ ಹೆಚ್ಚು ನಮ್ಮ ಪ್ರವಾಸದ ಮಾತು ತರಗತಿಯಲ್ಲಿ ಬೇಡ.

2. ಪ್ರತಿ ಪ್ರಶ್ನೆಗೂ ಮಗುವಿನ ಕೈಯಳತೆಯಲ್ಲೇ ಸಿಗುವ ವಸ್ತು ಇರಲಿ: ಕೆಸರು, ನೂಲು, ಬಳೆ, ಮುರಕಲ್ಲು. ದ್ವೀಪ ಫೋಟೊದಲ್ಲಿದ್ದರೆ ಸಾಕು.

3. "ಯಾರು ಹೋಗಿದ್ದೀರಿ?" ಎಂಬುದರ ಬದಲು "ನಿಮ್ಮ ಮನೆಯಲ್ಲಿ ಯಾರಿಗೆ ಏನು ಗೊತ್ತು?" ಎಂದು ಕೇಳಿ. ಮೀನು ಮಾರುವ ಅಮ್ಮನಿಗೂ ಬೋಟಿನ ಅಪ್ಪನಿಗೂ ಗೊತ್ತಿರುವುದು ಪೂರ್ವಜ್ಞಾನವೇ.

4. ಸಂರಕ್ಷಿತ ಜಾಗಗಳ ಪಾಠದಲ್ಲಿ ಮಾದರಿಗಳನ್ನು ತರಲು ಹೇಳಬೇಡಿ. ಯಾರಾದರೂ ತಂದೇ ಬಿಟ್ಟರೆ ಮಗುವಿನ ಮಾನ ಕಾಯುತ್ತಲೇ ಕಾರಣವನ್ನು ಲೆಕ್ಕದಲ್ಲಿ ತೋರಿಸಿ.

5. ಕ್ಷಿತಿಜದ ಲೆಕ್ಕವನ್ನು ನಿಮ್ಮ ಊರಿಗೆ ಹೊಂದಿಸಿ. ಕಾರ್ಕಳದವರು ಗೊಮ್ಮಟ ಬೆಟ್ಟದಿಂದ, ಉಡುಪಿಯವರು ಮಲ್ಪೆ ದಡದಿಂದ, ಮಣಿಪಾಲದವರು ಗುಡ್ಡದಿಂದ ಶುರು ಮಾಡಬಹುದು. ಎತ್ತರ ಮತ್ತು ನಕ್ಷೆ ಎರಡಿದ್ದರೆ ಪಾಠ ಸಿದ್ಧ. ದೀಪಸ್ತಂಭಕ್ಕೆ ಮಕ್ಕಳನ್ನು ಕರೆದೊಯ್ಯುವ ಅವಕಾಶ ಸಿಕ್ಕಿದರೆ ಮೇಲೆ ಹತ್ತುವ ಮೊದಲು ಹೊಯ್ಗೆಯ ಮೇಲೆ ನಿಲ್ಲಿಸಿ, ಉತ್ತರಕ್ಕೆ ಏನೇನು ಕಾಣುತ್ತದೆ ಎಂದು ಬರೆಸಿಕೊಳ್ಳಿ. ಮೇಲೆ ಹೋದ ಬಳಿಕ ಅದೇ ಹಾಳೆಯ ಹಿಂಬದಿಯಲ್ಲಿ ಇನ್ನೊಮ್ಮೆ ಬರೆಸಿ.